ಘಾಟಿ ಹತ್ತುವಾಗ ಗಾಡಿ ಹೀಟ್ ಆದ್ರೆ

ಸೋಮೇಶ್ವರ ದಾಟಿದ್ವಿ. ಇನ್ನು ಆಗುಂಬೆವರೆಗೆ 14 ಹೇರ್‌ಪಿನ್ ತಿರುವು. ಹೊರಗೆ ಜಿಟಿಜಿಟಿ ಮಳೆ, ಗಾಜು ಇಳಿಸಿದ್ರೆ ಚಳಿ. ಇಂಥ ತಂಪಲ್ಲೂ ಇಂಜಿನ್ ಹೀಟ್ ಆಗತ್ತಾ? ಆಗತ್ತೆ ಮಾರಾಯ್ರೆ. ಫಸ್ಟು, ಸೆಕೆಂಡ್ ಗೇರಲ್ಲೇ ಏರ್ಬೇಕು. ಇಂಜಿನ್‌ಗೆ ದುಡಿಮೆ ಜಾಸ್ತಿ, ವೇಗ ಕಮ್ಮಿ, ರೇಡಿಯೇಟರ್‌ಗೆ ಎದುರುಗಾಳಿನೇ ಇಲ್ಲ. ಫ್ಯಾನ್ ಕೈಕೊಟ್ಟಿದ್ರೆ, ಇಲ್ಲಾ ಇಂಜಿನ್ ತಂಪು ಮಾಡೋ ದ್ರವ, ಅಂದ್ರೆ ಕೂಲಂಟ್, ಎಲ್ಲೋ ಸೋರಿದ್ರೆ, ಅದು ಗೊತ್ತಾಗೋದೇ ಇಲ್ಲಿ.

ಈ ಟೆಂಪರೇಚರ್ ಮುಳ್ಳು ನೋಡಿ, ಈಗ ನಡುವಲ್ಲಿದೆ. ಮೇಲೇರೋಕೆ ಶುರುವಾದ್ರೆ ಮೊದ್ಲು ಏಸಿ ಆಫ್. ಆಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಫುಲ್ ಇಡಿ, ಗಾಜು ಇಳಿಸಿ. ಹಿಂದಿನ ಸೀಟಲ್ಲಿರೋರು ಬೈತಾರೆ, ಬೈಲಿ. ಇಂಜಿನ್ ಬಿಸಿ ಸ್ವಲ್ಪ ಒಳಗೆ ಬಂದು ಹೊರಗೆ ಹೋಗತ್ತೆ, ಜಾಗ ನೋಡಿ ನಿಲ್ಲಿಸೋವಷ್ಟು ಸಮಯ ಸಿಗತ್ತೆ. ಅಷ್ಟಕ್ಕೇ ಅದು. ಕೆಂಪು ಲೈಟ್ ಹತ್ತಿದ್ರೆ, ಬಾನೆಟ್‌ನಿಂದ ಹಬೆ ಬಂದ್ರೆ, ‘ಆಗುಂಬೆ ಮುಟ್ಟಿ ನೋಡೋಣ’ ಅನ್ನೋ ಮಾತೇ ಬೇಡ. ತಿರುವಲ್ಲಿ ಮಾತ್ರ ನಿಲ್ಲಿಸ್ಬೇಡಿ, ಮೇಲಿಂದ ಬರೋ ಬಸ್ಸಿಗೆ ತಿರುಗೋಕೆ ಇಡೀ ರಸ್ತೆ ಬೇಕು. ಅಗಲ ಇರೋ ಕಡೆ ಹಾಕಿ, ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್, ನಾಲ್ಕೂ ಇಂಡಿಕೇಟರ್ ಆನ್, ಚಕ್ರದ ಹಿಂದೆ ಒಂದು ಕಲ್ಲು.

ನಿಂತ ಮೇಲೆ ಯಾರಾದ್ರೂ ಒಬ್ರು ಬಂದು ‘ಕ್ಯಾಪ್ ತೆಗೆದು ನೀರು ಹಾಕಿ’ ಅಂತಾರೆ. ಮಳೆಗಾಲ ಆದ್ರೆ ಪಕ್ಕದಲ್ಲೇ ನೀರು ಹರೀತಿರತ್ತೆ, ಬಾಟ್ಲಿ ತುಂಬ್ಕೊಂಡೂ ಬರ್ತಾರೆ ಪಾಪ. ತೆಗೀಬೇಡಿ. ಬಿಗಿಯಾಗಿ ಮುಚ್ಚಿದ ರೇಡಿಯೇಟರ್ ಒಳಗೆ ಒತ್ತಡ ಇರತ್ತೆ, ಅದಕ್ಕೇ 100 ಡಿಗ್ರಿ ದಾಟಿದ್ರೂ ನೀರು ಕುದಿಯದೆ ಕೂತಿರತ್ತೆ. ಕ್ಯಾಪ್ ಸಡಿಲ ಆದ ಕೂಡ್ಲೇ ಒತ್ತಡ ಇಳಿದು, ಎಲ್ಲಾ ಒಟ್ಟಿಗೇ ಕುದ್ದು ಮುಖಕ್ಕೇ ಹಾರತ್ತೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯೋದೂ ಬೇಡ, ಸಿಲಿಂಡರ್ ಹೆಡ್ ಬಿರುಕು ಬಿಡಬಹುದು.

ಕಡಿಮೆ ಅಂದ್ರೂ ಅರ್ಧ ಗಂಟೆ ಕಾಯಿರಿ. ತಿಂಡಿ ಹಿಡ್ಕೊಂಡು ಇಳೀಬೇಡಿ, ಇಲ್ಲಿ ಮಂಗಗಳದ್ದೇ ರಾಜ್ಯ. ಪೂರ್ತಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ನೋಡಿ. ಕೂಲಂಟ್ ಕೆಳಗಿನ ಗೆರೆಗಿಂತ ಇಳಿದಿದ್ರೆ, ದಪ್ಪ ಬಟ್ಟೆ ಹಿಡಿದು ಕ್ಯಾಪ್ ನಿಧಾನಕ್ಕೆ ತಿರುಗಿಸಿ, ಕೂಲಂಟ್ ಹಾಕಿ. ಇಲ್ದಿದ್ರೆ ಸದ್ಯಕ್ಕೆ ಕುಡಿಯೋ ನೀರೇ ಸಾಕು, ಆಮೇಲೆ ಗ್ಯಾರೇಜಲ್ಲಿ ಬದಲಾಯಿಸ್ಕೊಳ್ಳಿ.

ಅಡಿಯಲ್ಲಿ ತೊಟ್ಟಿಕ್ತಿದ್ರೆ, ಇಲ್ಲಾ ಆಯಿಲ್ ಕಡ್ಡಿ ತೆಗೆದಾಗ ಹಾಲು ಬೆರೆಸಿದ ಹಾಗೆ ಕಂಡ್ರೆ, ಸ್ಟಾರ್ಟ್ ಮಾಡ್ಲೇಬೇಡಿ. ಟೋ ಗಾಡಿ ಕರೆಸಿ. ಸಿಗ್ನಲ್ ಸಿಗದಿದ್ರೆ ಮೇಲೆ ಹೋಗೋ ಬಸ್ಸಿನ ಕಂಡಕ್ಟರ್ ಹತ್ರ ಹೇಳಿ ಕಳಿಸಿ.