ಹಿತ್ತಲ ಗಿಡ ಮಾರಿದ ಕ್ಲಬ್ಬು

ಕೇಳುಗರಿಗೆಲ್ಲ ನಮಸ್ಕಾರ.

2023ರ ಅಕ್ಟೋಬರ್ 7, ಶನಿವಾರ ರಾತ್ರಿ. ನಮ್ಮ ಮನೆಯ ಟಿವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ ಆಟ. ಅವರದೇ ಮೈದಾನ ಓಲ್ಡ್ ಟ್ರಾಫರ್ಡ್, ಎದುರಾಳಿ ಬ್ರೆಂಟ್‌ಫರ್ಡ್. 90 ನಿಮಿಷ ಮುಗಿದಿದೆ, ನಮ್ಮವರು ಒಂದು ಗೋಲು ಹಿಂದೆ. ಮನೆಯಾಕೆ ಊಟಕ್ಕೆ ಕರೆದೂ ಕರೆದೂ ಸುಮ್ಮನಾಗಿದ್ದಳು. ಮಗ ಕುರ್ಚಿಯ ತುದಿಗೆ ಬಂದು ಕೂತಿದ್ದ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಒಬ್ಬ ಎತ್ತರದ ಹುಡುಗನನ್ನು ಒಳಗೆ ಕಳಿಸಿದ್ದರು. ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ಅವನು ಚೆಂಡನ್ನು ಬಲೆಗೆ ಹೊಡೆದ. ನಾಲ್ಕು ನಿಮಿಷ ಬಿಟ್ಟು ತಲೆಯಿಂದ ಇನ್ನೊಂದು. ಎರಡು-ಒಂದು. ನಾವಿಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು.

ಆ ಹುಡುಗ ಸ್ಕಾಟ್ ಮೆಕ್‌ಟಾಮಿನೇ. ಹನ್ನೊಂದು ತಿಂಗಳೂ ಕಳೆದಿರಲಿಲ್ಲ, ಕ್ಲಬ್ಬು ಅವನನ್ನು ಮಾರಿತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಸೋತರೆ ಅಭಿಮಾನಿಗೆ ಬೇಜಾರಾಗುತ್ತದೆ, ಅದು ಎರಡು ದಿನದಲ್ಲಿ ಹೋಗುತ್ತದೆ. ಮನೆಯಲ್ಲಿ ಬೆಳೆದವನನ್ನು ಕಳಿಸಿ, ಹೊರಗಿನವರಿಗೆ ಕೇಳಿದಷ್ಟು ಬೆಲೆ ಕೊಟ್ಟು ತರುತ್ತಾರಲ್ಲ, ಆ ನೋವು ಹೋಗುವುದಿಲ್ಲ.

ಬೆಂಗಳೂರಿನವನಿಗೆ ಮ್ಯಾಂಚೆಸ್ಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾನು ಬೆಳೆದದ್ದು ಹಲಸೂರಿನ ಹತ್ತಿರದ ಗೌತಮಪುರದಲ್ಲಿ. ನಮ್ಮ ಬೀದಿಗಳಲ್ಲಿ ಕ್ರಿಕೆಟ್‌ಗಿಂತ ಫುಟ್‌ಬಾಲ್ ಜಾಸ್ತಿ. ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. 1999ರ ಮೇ 26ರ ರಾತ್ರಿ, ಇಲ್ಲಿ ಆಗಲೇ 27ನೇ ತಾರೀಕು ಆಗಿತ್ತು, ಗೆಳೆಯನ ಮನೆಯ ಸಣ್ಣ ಟಿವಿ ಮುಂದೆ ಹತ್ತು ಹನ್ನೆರಡು ಜನ ಒತ್ತಿಕೊಂಡು ಕೂತಿದ್ದೆವು. ಬಾರ್ಸಿಲೋನಾದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್, ಬಾಯರ್ನ್ ಮ್ಯೂನಿಕ್ ವಿರುದ್ಧ. ಪೂರ್ತಿ ಆಟ ಒಂದು ಗೋಲು ಹಿಂದಿದ್ದು, ಕೊನೆಯ ಮೂರು ನಿಮಿಷದಲ್ಲಿ ಶೆರಿಂಗಮ್ ಒಂದು, ಸೋಲ್‌ಶಾಯರ್ ಒಂದು. ಬೆಳಗಿನ ಜಾವ ಎರಡು ಗಂಟೆಗೆ ಬೀದಿಯಲ್ಲಿ ಕುಣಿದಿದ್ದೆವು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಆ ತಂಡದಲ್ಲಿ ನಮ್ಮನ್ನು ಹಿಡಿದಿಟ್ಟದ್ದು ಗೆಲುವು ಮಾತ್ರ ಅಲ್ಲ. ಬೆಕಮ್, ಗಿಗ್ಸ್, ಬಟ್, ನೆವಿಲ್ ಅಣ್ಣ-ತಮ್ಮಂದಿರು, ಸ್ಕೋಲ್ಸ್. ಎಲ್ಲರೂ ಆ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವರು. ಯುನೈಟೆಡ್‌ನಲ್ಲಿ ಇದೊಂದು ವ್ರತದ ಹಾಗೆ ನಡೆದುಬಂದಿದೆ. 1937ರ ಅಕ್ಟೋಬರಿನಿಂದ ಇಲ್ಲಿಯವರೆಗೆ, 4,000ಕ್ಕೂ ಹೆಚ್ಚು ಪಂದ್ಯಗಳಲ್ಲಿ, ತಾನೇ ಬೆಳೆಸಿದ ಒಬ್ಬ ಹುಡುಗನಾದರೂ ತಂಡದಲ್ಲಿ ಇಲ್ಲದ ದಿನ ಇಲ್ಲ. 1958ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ವಿಮಾನ ಬಿದ್ದು ಎಂಟು ಆಟಗಾರರು ತೀರಿಹೋದರು. ಆಮೇಲೂ ಆ ಸಾಲು ಕಡಿಯಲಿಲ್ಲ. ಮೆಕ್‌ಟಾಮಿನೇ ಆ ಸಾಲಿನವನು. ಐದು ವರ್ಷದ ಮಗುವಾಗಿದ್ದಾಗಲೇ ಕ್ಲಬ್ಬಿನ ಮಡಿಲಿಗೆ ಬಂದವನು.

ಈಗ ಮಾಲೀಕರ ವಿಷಯಕ್ಕೆ ಬರುತ್ತೇನೆ. 2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಮತ್ತು ಅವರ ಕುಟುಂಬ ಯುನೈಟೆಡ್ ಅನ್ನು ಕೊಂಡಿತು. ಬೆಲೆ ಸುಮಾರು 79 ಕೋಟಿ ಪೌಂಡ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲ. ಆ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಯ ಮೇಲೇ ಬಿತ್ತು. ನಿಮ್ಮ ಮನೆಯನ್ನು ಒಬ್ಬ ಕೊಳ್ಳುತ್ತಾನೆ, ಕೊಳ್ಳುವುದಕ್ಕೆ ಆ ಮನೆಯನ್ನೇ ಅಡವಿಡುತ್ತಾನೆ, ಆಮೇಲೆ ಬಡ್ಡಿಯನ್ನು ಒಳಗಿರುವ ಬಾಡಿಗೆದಾರರಿಂದ ಕಟ್ಟಿಸುತ್ತಾನೆ ಅಂದುಕೊಳ್ಳಿ. ಹಾಗಿದೆ ಇದು. ಅದಕ್ಕೆ ಮುಂಚೆ ಆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ ಅಲ್ವಾ?

ಮ್ಯಾಂಚೆಸ್ಟರಿನ ಜನ ಸುಮ್ಮನೆ ಕೂರಲಿಲ್ಲ. ಆ ವರ್ಷವೇ ಒಂದಷ್ಟು ಅಭಿಮಾನಿಗಳು ಬೇರೆಯಾಗಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. 2010ರಲ್ಲಿ ಸಾವಿರಾರು ಜನ ಹಸಿರು-ಹಳದಿ ಶಾಲು ಹೊದ್ದು ಮೈದಾನಕ್ಕೆ ಬಂದರು. ಕ್ಲಬ್ಬು ಹುಟ್ಟಿದಾಗ ಅದರ ಹೆಸರು ನ್ಯೂಟನ್ ಹೀತ್, ಬಣ್ಣ ಹಸಿರು-ಹಳದಿ. 2021ರ ಮೇ 2ರಂದು ಅಭಿಮಾನಿಗಳು ಮೈದಾನದೊಳಕ್ಕೇ ನುಗ್ಗಿದರು, ಲಿವರ್‌ಪೂಲ್ ವಿರುದ್ಧದ ಪಂದ್ಯ ಅವತ್ತು ನಡೆಯಲಿಲ್ಲ. ಅದಕ್ಕೆ ಎರಡು ವಾರ ಮುಂಚೆ ತಾನೇ ಮಾಲೀಕರು ಯುರೋಪಿನ ಹನ್ನೊಂದು ಶ್ರೀಮಂತ ಕ್ಲಬ್ಬುಗಳ ಜೊತೆ ಸೇರಿ ತಮ್ಮತಮ್ಮಲ್ಲೇ ಆಡುವ ಸೂಪರ್ ಲೀಗ್ ಅನ್ನುವ ಬೇಲಿ ಹಾಕಿಕೊಳ್ಳಲು ಹೊರಟಿದ್ದರು. ಜನರ ಸಿಟ್ಟಿಗೆ ಹೆದರಿ ಎರಡೇ ದಿನದಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳೆಲ್ಲ ಹಿಂದೆ ಸರಿದವು.

ಕೋಚ್ ಸರ್ ಅಲೆಕ್ಸ್ ಫರ್ಗ್ಯುಸನ್ ಇರುವ ತನಕ ಈ ಗಾಯ ಹೊರಗೆ ಕಾಣಲಿಲ್ಲ. 26 ವರ್ಷ, 13 ಲೀಗ್ ಪ್ರಶಸ್ತಿ. 2013ರ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಅದೇ ಹೊತ್ತಿಗೆ ಆಡಳಿತ ನೋಡಿಕೊಳ್ಳುತ್ತಿದ್ದ ಡೇವಿಡ್ ಗಿಲ್ ಕೂಡ ಹೊರಟರು. ಅವರ ಜಾಗಕ್ಕೆ ಬಂದ ಎಡ್ ವುಡ್‌ವರ್ಡ್ ಬ್ಯಾಂಕಿನಿಂದ ಬಂದವರು. ಗ್ಲೇಜರ್ ಕುಟುಂಬ ಕ್ಲಬ್ಬು ಕೊಳ್ಳುವಾಗ ಲೆಕ್ಕಾಚಾರದಲ್ಲಿ ನೆರವಾದವರು. ಮನೆಯ ಯಜಮಾನ, ಕಾರಭಾರಿ ಇಬ್ಬರೂ ಒಂದೇ ದಿನ ಹೊರಟುಹೋದ ಹಾಗಾಯಿತು.

ಮೊದಲ ಬೇಸಿಗೆಯಲ್ಲೇ ಏನಾಯಿತು ಕೇಳಿ. ಎವರ್ಟನ್ ಕ್ಲಬ್ಬಿನ ಆಟಗಾರ ಮರುವಾನ್ ಫೆಲ್ಲೈನಿ ಬೇಕಿತ್ತು. ಅವನ ಒಪ್ಪಂದದಲ್ಲಿ ಜುಲೈ ಕೊನೆಯೊಳಗೆ 2 ಕೋಟಿ 35 ಲಕ್ಷ ಪೌಂಡ್ ಕೊಟ್ಟರೆ ಬಿಟ್ಟುಕೊಡಬೇಕು ಅಂತ ಇತ್ತು. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಆಟಗಾರರನ್ನು ಕೊಳ್ಳುವ-ಮಾರುವ ಮಾರುಕಟ್ಟೆ ಮುಚ್ಚುವ ಕಡೆಯ ದಿನ ಓಡಿಹೋಗಿ 2 ಕೋಟಿ 75 ಲಕ್ಷ ಕೊಟ್ಟು ತಂದರು. ಸಂತೆ ಹೊತ್ತಿಗೆ ಮೂರು ಮೊಳ ನೇಯುವುದು ಅವತ್ತು ಶುರುವಾಯಿತು.

ಪಾಲ್ ಪೊಗ್ಬಾ ಕಥೆಯನ್ನಂತೂ ನಾನು ಎಷ್ಟು ಸಲ ಹೇಳಿಕೊಂಡರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹದಿನಾರರ ವಯಸ್ಸಿಗೆ ಫ್ರಾನ್ಸಿನಿಂದ ಯುನೈಟೆಡ್ ಅಕಾಡೆಮಿಗೆ ಬಂದ. 2012ರಲ್ಲಿ ಒಪ್ಪಂದ ಮುಗಿಯಿತು, ಆಡುವ ಅವಕಾಶ ಸಿಗದೆ ಇಟಲಿಯ ಯುವೆಂಟಸ್‌ಗೆ ಹೋದ. ಯುನೈಟೆಡ್‌ಗೆ ಸಿಕ್ಕಿದ್ದು ಸಣ್ಣ ಪರಿಹಾರ. ನಾಲ್ಕು ವರ್ಷ ಬಿಟ್ಟು ಅದೇ ಹುಡುಗನನ್ನು 8 ಕೋಟಿ 90 ಲಕ್ಷ ಪೌಂಡ್ ಕೊಟ್ಟು ವಾಪಸ್ ಕರೆತಂದರು. ಆಗ ಅದು ಜಗತ್ತಿನ ದಾಖಲೆ ಬೆಲೆ. 2022ರಲ್ಲಿ ಮತ್ತೆ ಒಪ್ಪಂದ ಮುಗಿಯಿತು, ಈ ಸಲ ಬಿಡಿಗಾಸೂ ಇಲ್ಲದೆ ಹೋದ, ಮತ್ತೆ ಅದೇ ಯುವೆಂಟಸ್‌ಗೆ! ನಮ್ಮ ಮನೆಯ ಹಸುವನ್ನು ಪಕ್ಕದೂರಿಗೆ ಅಟ್ಟಿ, ಅದನ್ನೇ ಜಾತ್ರೆಯಲ್ಲಿ ಕೊಂಡು, ಮತ್ತೆ ಹಗ್ಗ ಬಿಚ್ಚಿ ಕಳಿಸಿದ ಹಾಗೆ. ಅವನ ತಪ್ಪೂ ಇರಬಹುದು. ಆದರೆ ಹಗ್ಗ ಇದ್ದದ್ದು ಆಡಳಿತದ ಕೈಯಲ್ಲಿ.

2018ರ ಜನವರಿಯಲ್ಲಿ ಅದಲು ಬದಲು ಒಂದು ನಡೆಯಿತು. ನಮ್ಮ ಆಟಗಾರ ಮ್ಖಿತಾರ್ಯಾನ್ ಆರ್ಸೆನಲ್ ಕ್ಲಬ್ಬಿಗೆ, ಅವರ ಅಲೆಕ್ಸಿಸ್ ಸ್ಯಾಂಚೆಜ್ ನಮಗೆ. ಸ್ಯಾಂಚೆಜ್ ಪಿಯಾನೋ ನುಡಿಸುವ ವಿಡಿಯೋ ಹಾಕಿ ಸ್ವಾಗತಿಸಿದರು. ನಾನೂ ಅವತ್ತು ತುಂಬ ಖುಷಿಪಟ್ಟಿದ್ದೆ. ತಂಡದಲ್ಲೇ ಎಲ್ಲರಿಗಿಂತ ಜಾಸ್ತಿ ಸಂಬಳ. 45 ಪಂದ್ಯ, ಐದು ಗೋಲು. ಒಬ್ಬನಿಗೆ ಅಷ್ಟು ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರಾ? ಪ್ರತಿಯೊಬ್ಬರ ಮಾತುಕತೆಯೂ ಆ ಅಂಕಿಯಿಂದಲೇ ಶುರುವಾಗುವ ಹಾಗಾಯಿತು.

2022ರ ಆಗಸ್ಟ್‌ನಲ್ಲಿ ಬ್ರೆಂಟ್‌ಫರ್ಡ್ ಕೈಯಲ್ಲಿ ನಾಲ್ಕು-ಸೊನ್ನೆ ಸೋತೆವು. ಗಾಬರಿಯಾಯಿತು. ತಿಂಗಳು ಮುಗಿಯುವ ಮುಂಚೆ ಅಯಾಕ್ಸ್ ಕ್ಲಬ್ಬಿನ ಆಟಗಾರ ಆಂಟನಿಗೆ 8 ಕೋಟಿ ಪೌಂಡ್ ದಾಟಿದ ಬೆಲೆ. 2025ರಲ್ಲಿ ಅವನು ಸ್ಪೇನಿನ ಬೆಟಿಸ್‌ಗೆ ಮೊದಲು ಎರವಲಾಗಿ ಹೋದ, ಆಮೇಲೆ ಮಾರಾಟವಾದ. ಬಂದದ್ದು ಕೊಟ್ಟಿದ್ದರ ಕಾಲು ಭಾಗದ ಆಸುಪಾಸು. ಬೆಟಿಸ್‌ನಲ್ಲಿ ಅವನು ಚೆನ್ನಾಗಿ ಆಡಿದ, ಆ ಊರಿನ ಜನ ಅವನನ್ನು ಹೊತ್ತು ಮೆರೆಸಿದರು. ಅಂದ ಮೇಲೆ ಕಾಲಿನಲ್ಲಿ ಆಟ ಇತ್ತು.

ದುಡ್ಡು ಸುರಿದಿದ್ದಾರಲ್ಲ, ಇನ್ನೇನು ಬೇಕು ಅನ್ನುವವರು ಇದ್ದಾರೆ. ಸುರಿದದ್ದು ಯಾರ ದುಡ್ಡು? ಟಿಕೆಟ್ಟಿನದು, ಅಂಗಿಯದು, ಟಿವಿ ಹಕ್ಕಿನದು. ಕ್ಲಬ್ಬು ಗಳಿಸಿದ್ದನ್ನೇ ಕ್ಲಬ್ಬಿಗೆ ಹಾಕಿ, ಅದರಲ್ಲೇ ಬಡ್ಡಿಗೂ ಲಾಭಾಂಶಕ್ಕೂ ಎತ್ತಿಟ್ಟುಕೊಂಡರು. ಮೈದಾನಕ್ಕೆ ಉಳಿದದ್ದೇನು ಅಂತ 2024ರ ಮೇ 12ರಂದು ಇಡೀ ಜಗತ್ತು ನೋಡಿತು. ಆರ್ಸೆನಲ್ ಪಂದ್ಯದ ದಿನ ಜೋರು ಮಳೆ, ಓಲ್ಡ್ ಟ್ರಾಫರ್ಡ್‌ನ ಚಾವಣಿಯಿಂದ ನೀರು ಜೋಗದ ಹಾಗೆ ಧುಮುಕುತ್ತಿತ್ತು.

ಅಷ್ಟು ಹೊತ್ತಿಗೆ ಇನ್ನೊಬ್ಬರು ಬಂದಿದ್ದರು. ಮ್ಯಾಂಚೆಸ್ಟರಿನ ಸುತ್ತಮುತ್ತಲೇ ಹುಟ್ಟಿದ ಸರ್ ಜಿಮ್ ರ‍್ಯಾಟ್‌ಕ್ಲಿಫ್, 2024ರ ಫೆಬ್ರವರಿಯಲ್ಲಿ 27.7 ಶೇಕಡಾ ಪಾಲು ತೆಗೆದುಕೊಂಡು ಆಟದ ಉಸ್ತುವಾರಿ ವಹಿಸಿಕೊಂಡರು. ಚಿಕ್ಕಂದಿನಿಂದ ಯುನೈಟೆಡ್ ಅಭಿಮಾನಿ. ನಾವೆಲ್ಲ ಎಷ್ಟು ಆಸೆ ಇಟ್ಟುಕೊಂಡಿದ್ದೆವು! ಆ ಜುಲೈನಲ್ಲಿ ಕೋಚ್ ಎರಿಕ್ ಟೆನ್ ಹಾಗ್ ಒಪ್ಪಂದವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು, ಅಕ್ಟೋಬರ್ 28ಕ್ಕೆ ಅವರನ್ನೇ ತೆಗೆದರು. ನ್ಯೂಕಾಸಲ್ ಕ್ಲಬ್ಬಿನ ಜೊತೆ ತಿಂಗಳುಗಟ್ಟಲೆ ಹಗ್ಗಜಗ್ಗಾಡಿ ಕರೆತಂದ ಕ್ರೀಡಾ ನಿರ್ದೇಶಕ ಡ್ಯಾನ್ ಆ್ಯಶ್‌ವರ್ತ್ ಐದೇ ತಿಂಗಳಲ್ಲಿ ಹೊರಗೆ. ಇವರನ್ನೆಲ್ಲ ಕಳಿಸಿದ ಖರ್ಚು ಒಂದೂವರೆ ಕೋಟಿ ಪೌಂಡಿನ ಹತ್ತಿರ. ಅದೇ ವರ್ಷ ಉಳಿತಾಯದ ಹೆಸರಲ್ಲಿ ಸುಮಾರು 250 ನೌಕರರ ಕೆಲಸ ಹೋಯಿತು, ಮರುವರ್ಷ ಇನ್ನೂ ನೂರಾರು ಜನರದು. ಸೀಸನ್ ನಡುವೆ, ಸದಸ್ಯರಿಗೆ ಉಳಿದಿದ್ದ ಟಿಕೆಟ್ಟುಗಳ ಬೆಲೆಯನ್ನು 66 ಪೌಂಡ್ ಮಾಡಿದರು. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಅಜ್ಜ ಮೊಮ್ಮಗನ ಕೈ ಹಿಡಿದು ಬರುವ ಜಾಗ ಅದು. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೆಕ್‌ಟಾಮಿನೇ ಮಾರಾಟವಾದದ್ದೂ 2024ರ ಆಗಸ್ಟ್‌ನಲ್ಲೇ, ಮಾರುಕಟ್ಟೆ ಮುಚ್ಚುವ ದಿನ. ಇಟಲಿಯ ನಾಪೊಲಿಗೆ, ಸುಮಾರು ಎರಡೂವರೆ ಕೋಟಿ ಪೌಂಡಿಗೆ. ಯಾಕೆ ಮಾರಿದರು ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ, ಸ್ವಲ್ಪ ಗಮನ ಕೊಟ್ಟು ಕೇಳಿ. ಯುನೈಟೆಡ್ ಆಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ಕ್ಲಬ್ಬು ಮೂರು ವರ್ಷದಲ್ಲಿ ಹತ್ತೂವರೆ ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸುವ ಹಾಗಿರಲಿಲ್ಲ. ಹೊರಗಿನಿಂದ ತಂದ ಆಟಗಾರನ ಬೆಲೆಯನ್ನು ಪುಸ್ತಕದಲ್ಲಿ ವರ್ಷಗಳಿಗೆ ಹಂಚುತ್ತಾರೆ. ಎಂಟು ಕೋಟಿಗೆ ಐದು ವರ್ಷದ ಒಪ್ಪಂದ ಅಂದರೆ ವರ್ಷಕ್ಕೆ ಒಂದು ಕೋಟಿ ಅರವತ್ತು ಲಕ್ಷ. ನಡುವೆ ಮಾರಿದರೆ, ಪುಸ್ತಕದಲ್ಲಿ ಇನ್ನೂ ಉಳಿದಿರುವ ಬೆಲೆಯನ್ನು ಕಳೆದೇ ಲಾಭ ನೋಡಬೇಕು. ಅಕಾಡೆಮಿಯ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಸೊನ್ನೆ. ಅವನನ್ನು ಮಾರಿದರೆ ಬಂದ ಪ್ರತಿ ಪೌಂಡೂ ಲಾಭ.

ಹೀಗಾಗಿ ಹೊರಗಿನಿಂದ ದುಬಾರಿಗೆ ತಂದು ಆಗದೆ ಹೋದಾಗ, ಆ ಹಳ್ಳ ಮುಚ್ಚಲು ಮೊದಲು ಕಣ್ಣಿಗೆ ಬೀಳುವವರು ಮನೆಯ ಮಕ್ಕಳು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಇಲ್ಲಿ ಹಿತ್ತಲ ಗಿಡಕ್ಕೆ ಮಾರುವಾಗ ಮಾತ್ರ ಬೆಲೆ. 22 ವರ್ಷ ಬೆಳೆಸಿದ ಕ್ಲಬ್ಬಿನ ಪುಸ್ತಕದಲ್ಲಿ ಹುಡುಗನ ಬೆಲೆ ಸೊನ್ನೆ ಅಂತ ಬರೆದಿರುತ್ತದೆ ಅನ್ನುವುದನ್ನು ನನ್ನಿಂದ ಈಗಲೂ ಅರಗಿಸಿಕೊಳ್ಳಲು ಆಗುತ್ತಿಲ್ಲ. ಇದು ಯುನೈಟೆಡ್ ಒಂದರದೇ ಕಾಯಿಲೆಯಲ್ಲ, ಇಂಗ್ಲೆಂಡಿನ ಎಷ್ಟೋ ಕ್ಲಬ್ಬುಗಳು ಹೀಗೇ ಮಾಡುತ್ತಿವೆ. ಆದರೆ 1937ರ ವ್ರತ ಹಿಡಿದ ಕ್ಲಬ್ಬಿನಿಂದ ನಾವು ಬೇರೆ ಏನನ್ನೋ ನಿರೀಕ್ಷಿಸಿದ್ದೆವು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ಹೇಳುವುದಕ್ಕೂ ಕಷ್ಟ. ಆ ಸೀಸನ್‌ನ ಲೀಗಿನಲ್ಲಿ ಯುನೈಟೆಡ್ 42 ಅಂಕ ಗಳಿಸಿ 15ನೇ ಸ್ಥಾನಕ್ಕೆ ಬಿತ್ತು. 2025ರ ಮೇ 21ರಂದು ಬಿಲ್ಬಾವೋದಲ್ಲಿ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನಮ್‌ಗೆ ಒಂದು-ಸೊನ್ನೆ ಸೋತಿತು. ನಾನು ಟಿವಿ ಆರಿಸಿ ಮಲಗಿದೆ.

ಎರಡು ದಿನ ಬಿಟ್ಟು, ಮೇ 23, ನಾಪೊಲಿಯ ಕೊನೆಯ ಲೀಗ್ ಪಂದ್ಯ. ಗೆದ್ದರೆ ಇಟಲಿಯ ಚಾಂಪಿಯನ್. ಮಗನೇ ಎಬ್ಬಿಸಿದ. ಬಲಗಡೆಯಿಂದ ಚೆಂಡು ತೇಲಿ ಬಂತು. ಮೆಕ್‌ಟಾಮಿನೇ ನೆಲ ಬಿಟ್ಟ, ಮೈಯನ್ನು ಅಡ್ಡ ಮಾಡಿದ, ಗಾಳಿಯಲ್ಲೇ ಕಾಲು ಕತ್ತರಿ ಹಾಕಿ ಹೊಡೆದ. ಗೋಲು. ಎರಡನೇ ಗೋಲು ಹೊಡೆದ ಲುಕಾಕು ಕೂಡ ಒಂದು ಕಾಲದ ಯುನೈಟೆಡ್ ಆಟಗಾರನೇ. ನಾಪೊಲಿ ಗೆದ್ದಿತು. ಆ ವರ್ಷ ಇಟಲಿಯ ಲೀಗಿನ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಮೆಕ್‌ಟಾಮಿನೇಯನ್ನು.

ಮಗ ಎದ್ದು ಒಳಗೆ ಹೋದ. ಬೀರುವಿನಿಂದ ಹಳೆಯ ಕೆಂಪು ಅಂಗಿ ತಂದ. ಬೆನ್ನ ಮೇಲೆ 39, ಮೆಕ್‌ಟಾಮಿನೇ ಯುನೈಟೆಡ್‌ನಲ್ಲಿ ಹಾಕುತ್ತಿದ್ದ ನಂಬರು. ಮೂರರ ಒಂದು ಮೂಲೆ ಒಗೆದು ಒಗೆದು ಕಿತ್ತು ಬಂದಿತ್ತು. ತೋಳು ಗಿಡ್ಡವಾಗಿತ್ತು.

"ಅಪ್ಪ, ಇದನ್ನು ಇನ್ನೂ ಹಾಕ್ಕೋಬಹುದಾ?" ಅಂದ.

ಹಾಕ್ಕೋ ಮಗನೇ ಅಂದೆ. ಕಿತ್ತು ಬಂದಿದ್ದ ಮೂಲೆಯನ್ನು ಮಾರನೆಯ ದಿನ ಇಸ್ತ್ರಿ ಪೆಟ್ಟಿಗೆ ಇಟ್ಟು ಅಂಟಿಸಿಕೊಟ್ಟೆ.

ನಮಸ್ಕಾರ.