ನಿಂತ ಕಾರಿಗೆ ಐದು ನಿಮಿಷದ ಉಪಚಾರ

ನಮಸ್ಕಾರ. ಬೆಳಗಿನ ರೈಲು ಹಿಡಿದು ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಮನೆಗಳಲ್ಲಿ ಕಾರು ವಾರವಿಡೀ ಗೇಟಿನೊಳಗೇ ನಿಂತಿರುತ್ತದೆ. ಮಕ್ಕಳೆಲ್ಲ ಪರಊರಿನಲ್ಲಿರುವ ಹಿರಿಯರ ಮನೆಗಳಲ್ಲಂತೂ ತಿಂಗಳುಗಟ್ಟಲೆ ಅದರ ಕವರ್ ತೆಗೆಯುವವರೇ ಇರುವುದಿಲ್ಲ. ಇಂಥ ಕಾರನ್ನು ಕಾಪಾಡಲು ಎಲ್ಲರೂ ಹೇಳುವ ಉಪಾಯ ಒಂದೇ: ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ. ಇದರಿಂದ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕಾರು ಸ್ಟಾರ್ಟ್ ಆಗದ ದಿನ ಏನನ್ನೂ ಅಳೆದು ನೋಡದೆ ಹೊಸ ಬ್ಯಾಟರಿ ಹಾಕಿಸಿಬಿಡುವ ಅಭ್ಯಾಸದ ಬಗ್ಗೆಯೂ ನನಗೆ ತಕರಾರಿದೆ.

ಮೊದಲು ಲೆಕ್ಕ ನೋಡೋಣ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲೂ ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರ ಮುಂತಾದವು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸುಸ್ಥಿತಿಯ ಕಾರಿನಲ್ಲಿ ಇದು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರುತ್ತದೆ. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಅದು ಒಂದು ಆಂಪಿಯರ್-ಅವರ್. ನಾವು 25 ಮಿಲಿಆಂಪಿಯರ್ ಎಂದೇ ಹಿಡಿದರೂ ವಾರಕ್ಕೆ 4 ಆಂಪಿಯರ್-ಅವರ್‌ಗಿಂತ ತುಸು ಹೆಚ್ಚು, ತಿಂಗಳಿಗೆ 18 ಆಂಪಿಯರ್-ಅವರ್ ಖರ್ಚಾಯಿತು. ಅಂದರೆ ಸಣ್ಣ ಪೆಟ್ರೋಲ್ ಕಾರುಗಳಲ್ಲಿರುವ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕರ್ಧ ಖಾಲಿ. ಹೊರಗಿನಿಂದ ಹಾಕಿಸಿದ ಜಿಪಿಎಸ್ ಅಥವಾ ಡ್ಯಾಶ್‌ಕ್ಯಾಮ್ ಇದ್ದರೆ ಇನ್ನೂ ಬೇಗ. ಇನ್ನು ಆ ಐದು ನಿಮಿಷದಲ್ಲಿ, ಬ್ಯಾಟರಿ 10 ಆಂಪಿಯರ್‌ನಂತೆ ಚಾರ್ಜ್ ಹೀರಿಕೊಂಡಿತೆಂದು ಉದಾರವಾಗಿ ಒಪ್ಪಿಕೊಂಡರೂ, ಒಳಗೆ ಹೋಗುವುದು 1 ಆಂಪಿಯರ್-ಅವರ್‌ಗಿಂತ ಕಡಿಮೆ. ಐದು ಬಿಂದಿಗೆ ಸೋರಿಹೋದ ತೊಟ್ಟಿಗೆ ಒಂದು ಬಿಂದಿಗೆ ನೀರು ಸುರಿದ ಹಾಗಾಯಿತು. ಇದರ ಮೇಲೆ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡುವುದರಿಂದ ಹೊಗೆಯಲ್ಲಿನ ನೀರಿನ ಆವಿ ಸೈಲೆನ್ಸರಿನಲ್ಲೂ ಇಂಜಿನ್ ಆಯಿಲ್‌ನಲ್ಲೂ ಹನಿಗಟ್ಟಿ ಅಲ್ಲೇ ಉಳಿಯುತ್ತದೆ. ಸ್ಟಾರ್ಟ್ ಮಾಡುವುದೇ ಆದರೆ ಗುಬ್ಬಿಯವರೆಗೆ ಓಡಿಸಿಕೊಂಡು ಹೋಗಿ ಬನ್ನಿ. ಹೋಗಿಬರುವ ಸುಮಾರು 40 ಕಿಲೋಮೀಟರ್ ದಾರಿಯಲ್ಲಿ ಬ್ಯಾಟರಿಯ ಜೊತೆಗೆ ಬ್ರೇಕು, ಟೈರುಗಳಿಗೂ ಕೆಲಸ ಸಿಗುತ್ತದೆ.

ಇಷ್ಟಾಗಿಯೂ ಒಂದು ದಿನ ಕಾರು ಸ್ಟಾರ್ಟ್ ಆಗಲಿಲ್ಲ ಎನ್ನೋಣ. ಕೀ ತಿರುಗಿಸಿದಾಗ ಬರುವ ಶಬ್ದವನ್ನು ಗಮನವಿಟ್ಟು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಟಿಕ್‌ಟಿಕ್‌ಟಿಕ್ ಎಂದು ಬಡಿದುಕೊಳ್ಳುತ್ತಾ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಅದಕ್ಕೆ ವೈರು ಸೇರುವ ಟರ್ಮಿನಲ್ ಸರಿಯಾಗಿ ಕಚ್ಚಿಕೊಂಡಿಲ್ಲ. ದೀಪಗಳು ಪ್ರಕಾಶವಾಗಿದ್ದು ಟಕ್ ಎಂದು ಒಂದೇ ಸಲ ಸದ್ದಾಗಿ ಸುಮ್ಮನಾದರೆ ಅನುಮಾನ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಮೇಲೆ ಹೋಗಬೇಕು. ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತಿಕೊಳ್ಳದಿದ್ದರೆ ಅದು ಬ್ಯಾಟರಿಯ ವಿಷಯವೇ ಅಲ್ಲ; ಪೆಟ್ರೋಲು, ಫ್ಯೂಸು, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಇಲಿ ಕಡಿದ ವೈರು, ಇವುಗಳ ಕಡೆ ನೋಡಬೇಕು. ಇಲಿಯ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ತೆಂಗಿನ ತೋಟದ ಮಗ್ಗುಲಲ್ಲಿ ಕಾರು ನಿಲ್ಲಿಸುವವರು ಕೀ ಹಾಕುವುದಕ್ಕೂ ಮೊದಲು ಬಾನೆಟ್ ಎತ್ತಿ ನೋಡುವುದು ಒಳ್ಳೆಯದು. ಯಾವ ಕಾರಣವಿದ್ದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ; ಮೋಟಾರು ಸುಡುತ್ತದೆ.

ಬ್ಯಾಟರಿಯ ಮೇಲೆ ಅನುಮಾನ ಬಂದಾಗ ಅಂಗಡಿಗೆ ಫೋನ್ ಮಾಡುವ ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಹಿಡಿದು ನೋಡಿ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಖಾಲಿಯಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದರ್ಥವಲ್ಲ, ನಮ್ಮ ಹಣ ಪೋಲಾಗುವುದು ಇಲ್ಲಿಯೇ. ಚಾರ್ಜಿಗೆ ಹಾಕಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು, ಮತ್ತೆ ಅಳೆಯಿರಿ. ಸೆಲ್ಫ್ ಹೊಡೆಯುವಾಗಲೂ ವೋಲ್ಟೇಜ್ ಸುಮಾರು 9.6ಕ್ಕಿಂತ ಕೆಳಗಿಳಿಯದಿದ್ದರೆ ಆ ಬ್ಯಾಟರಿಗೆ ಇನ್ನೂ ಆಯುಸ್ಸಿದೆ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಮಾತ್ರ ಬ್ಯಾಟರಿಯೊಳಗಿನ ಆರು ಸೆಲ್ಲುಗಳಲ್ಲಿ ಒಂದು ಹೋಗಿರಬಹುದು. ಆಗ ಹೊಸದು ಕೊಳ್ಳಲು ನನ್ನ ಅಡ್ಡಿಯಿಲ್ಲ. ಟರ್ಮಿನಲ್ಲಿನ ಸುತ್ತ ಬಿಳಿಯ, ಹಸಿರು ಮಿಶ್ರಿತ ಪುಡಿ ಕಟ್ಟಿದ್ದರೆ ಕ್ಲಾಂಪು ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಒರೆಸಿ ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಕಾರುಗಳು ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ.

ಪಕ್ಕದ ಮನೆಯವರ ಕಾರಿನಿಂದ ಜಂಪರ್ ಕೇಬಲ್ ಹಾಕುವುದಾದರೆ ಕೆಂಪು ಎರಡೂ ಕಡೆ ಪ್ಲಸ್‌ಗೆ ಹೋಗಲಿ, ಕಪ್ಪು ಅವರ ಬ್ಯಾಟರಿಯ ಮೈನಸ್‌ಗೆ. ಕಪ್ಪಿನ ಕೊನೆಯ ತುದಿಯನ್ನು ಮಾತ್ರ ನಮ್ಮ ಬ್ಯಾಟರಿಗೆ ಹಾಕದೆ, ಅದರಿಂದ ದೂರದಲ್ಲಿ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಕಿಡಿ ತಾಗಬಾರದು. ಬೀದಿಯ ಹುಡುಗರನ್ನು ಕರೆದು ತಳ್ಳಿಸುವುದು ಹಳೆಯ ಕಾರುಗಳಿಗೆ ನಡೆಯುತ್ತಿತ್ತು. ಆಟೋಮ್ಯಾಟಿಕ್ ಗೇರಿನ ಕಾರಿಗೆ ಅದು ನಡೆಯದು, ಮ್ಯಾನ್ಯುಯಲ್ ಕಾರಿನಲ್ಲೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪೇ ಓಡುವುದಿಲ್ಲ.

ತಿಂಗಳುಗಟ್ಟಲೆ ಯಾರೂ ಓಡಿಸದ ಕಾರಿಗೆ ನನ್ನ ಸಲಹೆ ಬೇರೆ. ನಿಲ್ಲಿಸುವ ದಿನವೇ 10 ನಂಬರ್ ಸ್ಪ್ಯಾನರಿನಿಂದ ಮೈನಸ್ ಟರ್ಮಿನಲ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ರಿಮೋಟ್ ಕೆಲಸ ಮಾಡುವುದಿಲ್ಲವಾದ್ದರಿಂದ ಬಾಗಿಲಿಗೆ ಕೀಯಿಂದಲೇ ಬೀಗ ಹಾಕಬೇಕಾಗುತ್ತದೆ, ಗಡಿಯಾರದ ಸಮಯ ಅಳಿಸಿಹೋಗುತ್ತದೆ, ಕೆಲವು ಸ್ಟೀರಿಯೊಗಳು ಮತ್ತೆ ಕೋಡ್ ಕೇಳುತ್ತವೆ. ಊರಿಗೆ ಬಂದ ಮಗನೋ ಮಗಳೋ ಆ ಒಂದು ನಟ್ ಬಿಗಿದರೆ, ಸುಸ್ಥಿತಿಯ ಬ್ಯಾಟರಿಯಾಗಿದ್ದಲ್ಲಿ, ಎರಡು ಮೂರು ತಿಂಗಳ ನಂತರವೂ ಕಾರು ಸ್ಟಾರ್ಟ್ ಆಗುತ್ತದೆ.