ಫೈರ್ ಇಂಜಿನ್ ಬಂತು, ನೀರು ಮೇಲೇರಲಿಲ್ಲ

ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದಾಗಲೆಲ್ಲ ಒಂದೇ ದೂರು: ಫೈರ್ ಇಂಜಿನ್ ತಡವಾಗಿ ಬಂತು. ಕೆಲವು ಸಲ ಅದು ನಿಜ. ಆದರೆ ಹೊತ್ತಿಗೆ ಸರಿಯಾಗಿ ಬಂದ ಇಂಜಿನ್ ಕೂಡ ಏನೂ ಮಾಡಲಾಗದೆ ಗೇಟಿನ ಮುಂದೆ ನಿಲ್ಲುತ್ತಲ್ಲ, ಅದನ್ನ ಯಾರೂ ಕೇಳೋದಿಲ್ಲ. ಮೇಲಿನ ಮಹಡಿಗೆ ನೀರು ಮುಟ್ಟಿಸುವ ಕೆಲಸದಲ್ಲಿ ಅರ್ಧ ಪಾಲು ಕಟ್ಟಡದ್ದು. ಆ ಪಾಲು ಬಹಳ ಕಡೆ ಆಗ್ತಿಲ್ಲ.

ಲೆಕ್ಕ ಹಾಕಿ ನೋಡಿ. ಇಂಜಿನ್ನಿನ ಟ್ಯಾಂಕಿನಲ್ಲಿ 4,500 ಲೀಟರ್ ಇದೆ ಅಂದುಕೊಳ್ಳಿ. ಒಂದು ಹೋಸ್ ನಿಮಿಷಕ್ಕೆ 450 ಲೀಟರ್ ಚೆಲ್ಲಿದರೆ, ಎರಡು ಹೋಸ್ ಬಿಟ್ಟಾಗ ಐದೇ ನಿಮಿಷಕ್ಕೆ ಟ್ಯಾಂಕ್ ಖಾಲಿ. ಇನ್ನು ಎತ್ತರ: ಪ್ರತಿ 10 ಮೀಟರ್ ಮೇಲೇರೋಕೆ ಸುಮಾರು 1 ಬಾರ್ ಒತ್ತಡ ಬೇಕು. ಹತ್ತನೇ ಮಹಡಿ 30 ಮೀಟರ್ ಎತ್ತರದಲ್ಲಿದ್ದರೆ 3 ಬಾರ್ ಏರೋದಕ್ಕೇ ಹೋಯ್ತು. ನೀರನ್ನ ಸಣ್ಣ ಹನಿಗಳಾಗಿ ಚಿಮ್ಮಿಸುವ ಬಹಳಷ್ಟು ಫಾಗ್ ನಾಜಲ್‌ಗಳಿಗೆ ಅದರ ಮೇಲೆ ಇನ್ನೂ 7 ಬಾರ್ ಬೇಕು. ಮೆಟ್ಟಿಲ ಮೇಲೆ ಹೋಸ್ ಎಳೆದುಕೊಂಡು ಹೋಗೋಣ ಅಂದ್ರೆ, 63 ಮಿಲಿಮೀಟರಿನ 15 ಮೀಟರ್ ಹೋಸ್ ತುಂಬಿದಾಗ ಬರೀ ನೀರಿನ ಭಾರವೇ 47 ಕಿಲೋ. ಅದಕ್ಕೇ ಕಟ್ಟಡದೊಳಗೆ ರೈಸರ್ ಪೈಪ್, ಅಂದ್ರೆ ಮಹಡಿ ಮಹಡಿಗೂ ನೀರು ಒಯ್ಯುವ ನೆಟ್ಟಗಿನ ಪೈಪ್, ಇರೋದು.

ಡ್ರೈ ರೈಸರ್ ಆದರೆ ಖಾಲಿ ಪೈಪ್. ಕೆಳಗಿನ ಇನ್‌ಲೆಟ್‌ಗೆ ಇಂಜಿನ್ ನೀರು ತುಂಬಬೇಕು. ನಾಲ್ಕನೇ ಮಹಡಿಯ ವಾಲ್ವ್ ಯಾರೋ ತೆರೆದೇ ಬಿಟ್ಟಿದ್ದರೆ ನೀರೆಲ್ಲ ಅಲ್ಲೇ ಧುಮ್ಮಿಕ್ಕುತ್ತೆ, ಒಂಬತ್ತರಲ್ಲಿ ನಾಜಲ್ ಹಿಡಿದವರ ಕೈಗೆ ಗಾಳಿ. ಹಿತ್ತಾಳೆ ಕ್ಯಾಪ್ ಕಳುವಾಗಿದ್ದರೆ ಇನ್‌ಲೆಟ್ ಬಾಯಿಗೆ ಕಸ, ಕಲ್ಲು ಸೇರುತ್ತೆ, ಅದು ಹೋಗಿ ನಾಜಲ್‌ನಲ್ಲಿ ಸಿಕ್ಕಿಕೊಳ್ಳುತ್ತೆ.

ವೆಟ್ ರೈಸರ್‌ನಲ್ಲಿ ಯಾವಾಗಲೂ ಒತ್ತಡದಲ್ಲಿ ನೀರು ತುಂಬಿರುತ್ತೆ. ಅದು ಕೆಡೋದು ಪಂಪ್ ರೂಮಿನಲ್ಲಿ, ಅದೂ ನಿಧಾನವಾಗಿ. ಎಲ್ಲೋ ಒಂದು ವಾಲ್ವಿನ ಗ್ಲ್ಯಾಂಡ್‌ನಲ್ಲಿ, ಅಂದ್ರೆ ಅದರ ಕಡ್ಡಿಯ ಸುತ್ತ ನೀರು ಸೋರದಂತೆ ತಡೆಯುವ ಜಾಗದಲ್ಲಿ, ಹನಿ ಸೋರುತ್ತೆ. ಒತ್ತಡ ಇಳಿದಾಗ ಜಾಕಿ ಪಂಪ್, ಅಂದ್ರೆ ಒತ್ತಡ ಕಾಯುವ ಚಿಕ್ಕ ಪಂಪ್, ತಾನೇ ಶುರುವಾಗಿ ಸರಿಮಾಡುತ್ತೆ. ಸೋರಿಕೆ ಬೆಳೆದ ಹಾಗೆ ಅದು ಗಳಿಗೆಗೊಮ್ಮೆ ಶುರುವಾಗುತ್ತೆ. ಕೊನೆಗೆ ಅದರ ಕೈಲಿ ಆಗದೆ ಒಂದು ನಡುರಾತ್ರಿ ದೊಡ್ಡ ಪಂಪೇ ಗುಡುಗುತ್ತೆ. ಮನೆಯವರು ಬೈತಾರೆ, ಕಾವಲುಗಾರ ಪ್ಯಾನೆಲ್ ಸ್ವಿಚ್ಚನ್ನ ‘ಆಟೋ’ದಿಂದ ‘ಆಫ್’ಗೆ ತಿರುಗಿಸ್ತಾನೆ. ಬದಲಿಸಬೇಕಿದ್ದದ್ದು ಗ್ಲ್ಯಾಂಡ್ ಪ್ಯಾಕಿಂಗ್ ಒಂದೇ. ಕಾವಲುಗಾರನನ್ನ ದೂರೋದು ತಪ್ಪು. ಆ ಸ್ವಿಚ್ ಏನು ಕಾಯುತ್ತೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರೋದಿಲ್ಲ.

ಹಾಗಾಗಿ ವಾರಕ್ಕೊಮ್ಮೆ ಡ್ರೈನ್ ವಾಲ್ವ್ ಸ್ವಲ್ಪ ಸ್ವಲ್ಪವೇ ತೆರೆದು ಒತ್ತಡ ಇಳಿಸುತ್ತಾ, ಗೇಜ್ ಮುಳ್ಳಿನ ಮೇಲೆ ಕಣ್ಣಿಡಬೇಕು. ಮೊದಲು ಜಾಕಿ ಏಳಬೇಕು, ಇನ್ನೂ ಇಳಿದರೆ ಕರೆಂಟಿನ ಮುಖ್ಯ ಪಂಪ್, ಅದನ್ನ ಬಂದ್ ಮಾಡಿಟ್ಟರೆ ಡೀಸೆಲ್ ಪಂಪ್. ಯಾವುದು ಎಷ್ಟು ಬಾರ್‌ಗೆ ಎದ್ದಿತು ಅಂತ ಗೋಡೆಯ ಪಟ್ಟಿಯಲ್ಲಿ ಬರೆದಿಡಿ. ಡೀಸೆಲ್ ಏಳದಿದ್ದರೆ ಮೊದಲು ಬ್ಯಾಟರಿ ನೋಡಿ. ಪಂಪ್ ಓಡ್ತಿದ್ದೂ ಒತ್ತಡ ಬರದಿದ್ದರೆ ಟ್ಯಾಂಕಿನಿಂದ ಪಂಪಿಗೆ ನೀರು ಬಿಡುವ ಸಕ್ಷನ್ ವಾಲ್ವ್ ನೋಡಿ. ಟ್ಯಾಂಕ್ ತೊಳೆಯೋಕೆ ಬಂದವರು ಮುಚ್ಚಿದ್ದನ್ನ ಮತ್ತೆ ತೆರೆಯೋಕೆ ಮರೆಯೋದುಂಟು. ಪರೀಕ್ಷೆ ಮುಗಿದ ಮೇಲೆ ಎಲ್ಲ ಸ್ವಿಚ್ಚೂ ‘ಆಟೋ’ಗೆ ಮರಳಿವೆಯಾ ಅಂತ ಇನ್ನೊಬ್ಬರು ನೋಡಲಿ.

ಪಂಪ್ ಒಂದೇ ಸರಿ ಇದ್ದರೆ ಸಾಲದು ಅಂತ ತೋರಿಸಿದ್ದು ಅಮೆರಿಕದ ಫಿಲಡೆಲ್ಫಿಯಾದ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ. 1991ರ ಫೆಬ್ರವರಿ 23ರಂದು ಅಲ್ಲಿ 22ನೇ ಮಹಡಿಯಲ್ಲಿ ಬೆಂಕಿ ಹತ್ತಿತು. ಹೋಸ್ ಔಟ್‌ಲೆಟ್‌ಗಳ ಒತ್ತಡ ತಗ್ಗಿಸುವ ವಾಲ್ವ್‌ಗಳನ್ನ ತೀರಾ ಕಡಿಮೆ ಒತ್ತಡಕ್ಕೆ ಹೊಂದಿಸಿಟ್ಟಿದ್ದರಿಂದ ನಾಜಲ್‌ಗಳಿಗೆ ಬೇಕಾದಷ್ಟು ಒತ್ತಡ ಸಿಗಲಿಲ್ಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಮಹಡಿಯಿಂದ ಮಹಡಿಗೆ ಏರಿದ ಬೆಂಕಿ ನಿಂತದ್ದು 30ನೇ ಮಹಡಿಯಲ್ಲಿ, ಅಲ್ಲಿದ್ದ ಸ್ಪ್ರಿಂಕ್ಲರ್‌ಗಳಲ್ಲಿ, ಅಂದ್ರೆ ಬಿಸಿಗೆ ತಾವೇ ತೆರೆದು ನೀರು ಚಿಮ್ಮಿಸುವ ಚಾವಣಿಯ ನಾಜಲ್‌ಗಳಲ್ಲಿ, ಹತ್ತು ತೆರೆದುಕೊಂಡಾಗ.

ವರ್ಷಕ್ಕೊಮ್ಮೆಯಾದರೂ ನಿಮ್ಮ ಅಗ್ನಿಶಾಮಕ ಠಾಣೆಯವರನ್ನ ಕರೆಸಿ. ಅವರ ಹೋಸ್, ಅವರ ನಾಜಲ್ ಎಲ್ಲಕ್ಕಿಂತ ಮೇಲಿನ ಔಟ್‌ಲೆಟ್‌ಗೆ ಜೋಡಿಸಿ, ನೀರು ಹರಿಯುತ್ತಿರುವಾಗಲೇ ಗೇಜ್ ಓದಿಸಿ. ವಾಲ್ವ್ ಮುಚ್ಚಿದ್ದಾಗ ಮುಳ್ಳು ಎಷ್ಟು ತೋರಿಸಿದರೂ ಅದನ್ನ ಬರೆದುಕೊಳ್ಳಬೇಡಿ.